ಗಮನ ತಪ್ಪಿದಾಗ ಮನಸ್ಸು ಎಲ್ಲಿಗೆ ಹೋಗುತ್ತದೆ?

ಓದುಗರ ಪ್ರಶ್ನೆ, ಮನೋವೈದ್ಯೆಯ ಉತ್ತರ

ಗಮನ ಒಂದೆಡೆ ನಿಲ್ಲದ, ಮೈ ಸುಮ್ಮನಿರದ, ಯೋಚಿಸುವ ಮೊದಲೇ ಬಾಯಿ-ಕೈ ಮುಂದಾಗುವ ತೊಂದರೆಗೆ ಎಡಿಎಚ್‌ಡಿ ಎನ್ನುತ್ತೇವೆ. ಕಳೆದ ತಿಂಗಳು ಈ ಅಂಕಣದಲ್ಲಿ ಅದರ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಒಂದೇ ಮಾತು: ‘ನಮ್ಮ ಮಗುವಿಗೆ ಇರುವುದು ಎಡಿಎಚ್‌ಡಿಯೋ, ಬರೀ ಭಯವೋ?’ ದೊಡ್ಡವರೂ ತಮ್ಮ ಬಗ್ಗೆ ಇದನ್ನೇ ಕೇಳಿದ್ದಾರೆ. ಹೀಗೆ ಗೊಂದಲವಾಗುವುದು ಸಹಜ. ಆತಂಕ ಇರುವವರೂ ಕೂತಲ್ಲಿ ಚಡಪಡಿಸುತ್ತಾರೆ, ಹೇಳಿದ್ದು ಅವರ ಕಿವಿಗೂ ಬೀಳುವುದಿಲ್ಲ, ಅವರಿಗೂ ರಾತ್ರಿ ನಿದ್ದೆ ಹತ್ತುವುದಿಲ್ಲ.

ಹಾಗಾಗಿ ನನ್ನ ಮುಂದೆ ಕೂತವರನ್ನು ನಾನು ಮೊದಲು ಕೇಳುವುದು ಇಷ್ಟು: ಗಮನ ತಪ್ಪಿದಾಗ ಮನಸ್ಸು ಎಲ್ಲಿಗೆ ಹೋಗುತ್ತದೆ? ಕಿಟಕಿಯಾಚೆ ಕಂಡ ಅಳಿಲಿನ ಹಿಂದೆಯೋ, ‘ಅಮ್ಮನಿಗೆ ಏನಾದರೂ ಆಗಿಬಿಟ್ಟರೆ’ ಎಂಬ ಯೋಚನೆಯ ಹಿಂದೆಯೋ? ಈ ಸಲ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಐದರಲ್ಲೂ ಆತಂಕ ಇದೆ, ಆದರೆ ಒಂದರ ಹಾಗೆ ಇನ್ನೊಂದಿಲ್ಲ.

*

ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಮೂರು ವರ್ಷದವನಿದ್ದಾಗಿನಿಂದಲೂ ಒಂದು ಕಡೆ ಕೂತವನಲ್ಲ. ಊಟಕ್ಕೆ ಕೂತರೆ ನಾಲ್ಕು ತುತ್ತಿಗೆ ನಾಲ್ಕು ಸಲ ಏಳುತ್ತಾನೆ. ಪೆನ್ಸಿಲ್, ನೀರಿನ ಬಾಟಲಿ, ಸ್ವೆಟರ್ ಯಾವುದೂ ಮನೆಗೆ ವಾಪಸ್ ಬರುವುದಿಲ್ಲ. ಹೋದ ವರ್ಷ ನಮ್ಮ ಯಜಮಾನರಿಗೆ ಬೈಕ್ ಅಪಘಾತವಾಗಿ ನಾನು ಅವರ ಜೊತೆ ಆಸ್ಪತ್ರೆಯಲ್ಲಿದ್ದೆ, ಮಗ ಅಜ್ಜಿಯ ಹತ್ತಿರ ಇದ್ದ. ಈಗ ಅವರು ಹುಷಾರಾಗಿದ್ದಾರೆ. ಆದರೆ ಮಗ ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೊಟ್ಟೆನೋವು ಅನ್ನುತ್ತಾನೆ, ಭಾನುವಾರ ನೋವಿಲ್ಲ. ರಾತ್ರಿ ನನ್ನ ಸೆರಗು ಹಿಡಿದೇ ಮಲಗಬೇಕು. ಟೀಚರ್ ಫೋನಿನಿಂದ ನನಗೆ ಕರೆ ಮಾಡಿಸುತ್ತಾನೆ. ಶಾಲೆಯವರು ಎಡಿಎಚ್‌ಡಿ ಇರಬಹುದು, ತೋರಿಸಿ ಅನ್ನುತ್ತಾರೆ. ನಮ್ಮತ್ತೆ ‘ಹುಡುಗ ಅಂಜಿಕೊಂಡಾನ, ತಾಯತ ಕಟ್ಟಿಸು’ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಒಬ್ಬ ತಾಯಿ, ರಾಣೆಬೆನ್ನೂರು

ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ ತಾಯಿ. ಶಾಲೆಯವರಿಗೆ ಕಂಡದ್ದು ಹಳೆಯ ತೊಂದರೆ, ನಿಮ್ಮ ಅತ್ತೆಗೆ ಕಂಡದ್ದು ಹೊಸದು. ನಿಮ್ಮ ಪತ್ರದಲ್ಲಿ ಎರಡಕ್ಕೂ ಬೇರೆ ಬೇರೆ ತಾರೀಖು ಸಿಗುತ್ತದೆ. ಕೂತಲ್ಲಿ ಕೂರದಿರುವುದು, ವಸ್ತು ಕಳೆಯುವುದು ಮೂರನೇ ವರ್ಷದಿಂದ ಇದೆ. ಹೊಟ್ಟೆನೋವು, ಸೆರಗು ಹಿಡಿಯುವುದು, ಫೋನು ಇವೆಲ್ಲ ಅಪಘಾತದ ನಂತರದವು. ಎಡಿಎಚ್‌ಡಿ ಒಂದು ಘಟನೆಯ ಮರುದಿನ ಹುಟ್ಟುವುದಿಲ್ಲ. ಅದು ಮಿದುಳಿನ ಬೆಳವಣಿಗೆಯ ಜೊತೆಗೇ ಬರುವ ಸ್ವಭಾವ. ಲಕ್ಷಣಗಳು ಹನ್ನೆರಡು ವರ್ಷದ ಒಳಗೆ ಶುರುವಾಗಿರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು, ಆರು ತಿಂಗಳಾದರೂ ಬಿಡದೆ ಇರಬೇಕು ಎಂಬುದು ವೈದ್ಯರು ಪಾಲಿಸುವ ನಿಯಮ. ನೀವು ಬರೆದದ್ದು ನೋಡಿದರೆ ಪರೀಕ್ಷೆ ಮಾಡಿಸಲು ಸಾಕಷ್ಟು ಕಾರಣವಿದೆ.

ಹೊಸದಾಗಿ ಬಂದಿರುವುದು ಅಗಲಿಕೆಯ ಆತಂಕದ ಹಾಗೆ ಕಾಣುತ್ತದೆ. ತನ್ನವರಿಂದ ದೂರವಾದರೆ ಅವರಿಗೆ ಕೆಟ್ಟದ್ದಾಗುತ್ತದೆ ಎಂಬ ಭಯ ಅದು. ಒಂಬತ್ತು ವರ್ಷದ ಮಗು ‘ನನಗೆ ಭಯ’ ಅನ್ನುವುದಿಲ್ಲ, ‘ಹೊಟ್ಟೆ ನೋಯುತ್ತೆ’ ಅನ್ನುತ್ತದೆ. ಭಾನುವಾರ ನೋವಿಲ್ಲ ಎಂದ ಮಾತ್ರಕ್ಕೆ ಅದು ನಾಟಕವಲ್ಲ, ನೋವು ನಿಜವಾಗಿಯೇ ಬರುತ್ತದೆ. ಅವನ ಲೆಕ್ಕಾಚಾರವನ್ನೂ ನೋಡಿ. ಒಂದು ದಿನ ಅಪ್ಪ ಬೈಕಿನಲ್ಲಿ ಹೋದರು, ಹೇಳದೆ ಕೇಳದೆ ಅಮ್ಮನೂ ಹೋದಳು, ಬಹಳ ದಿನ ಬರಲಿಲ್ಲ. ‘ಅಪ್ಪ ಆರಾಮ ಇದ್ದಾರೆ’ ಎಂದು ದೊಡ್ಡವರು ಹೇಳಿರಬಹುದು. ಆದರೆ ಆಸ್ಪತ್ರೆಯಲ್ಲಿ ಏನಾಯಿತು, ಕಾಲಿಗೆ ಏನು ಹಾಕಿದರು, ಅಮ್ಮ ಎಲ್ಲಿ ಮಲಗುತ್ತಿದ್ದಳು ಎಂದು ಅವನನ್ನು ಕೂರಿಸಿಕೊಂಡು ಯಾರಾದರೂ ಹೇಳಿದ್ದಾರಾ? ಹೇಳಿಲ್ಲವಾದರೆ ಈ ವಾರವೇ ಹೇಳಿ. ಅವನ ಅಪ್ಪನೇ ಹೇಳಿದರೆ ಇನ್ನೂ ಒಳ್ಳೆಯದು.

ಇಂಥ ಮಕ್ಕಳ ವಿಷಯದಲ್ಲಿ ಒಂದು ಭರವಸೆಯ ಸಂಗತಿ ಇದೆ. ಅಮೆರಿಕದಲ್ಲಿ ಎಡಿಎಚ್‌ಡಿ ಇದ್ದ 579 ಮಕ್ಕಳ ಮೇಲೆ ನಡೆದ ದೊಡ್ಡ ಚಿಕಿತ್ಸಾ ಅಧ್ಯಯನವೊಂದರ ಫಲಿತಾಂಶ 1999ರಲ್ಲಿ ಹೊರಬಂತು. ನಿಮ್ಮ ಮಗನ ಆಸುಪಾಸಿನ ವಯಸ್ಸಿನ ಮಕ್ಕಳೇ ಅವರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಜೊತೆಯಲ್ಲಿ ಆತಂಕದ ಕಾಯಿಲೆಯೂ ಇತ್ತು. ಒಟ್ಟು ಮಕ್ಕಳನ್ನು ನೋಡಿದರೆ ಔಷಧಿಯದೇ ಮೇಲುಗೈ. ಆದರೆ ಆತಂಕವೂ ಇದ್ದ ಮಕ್ಕಳಿಗೆ, ಅಪ್ಪ-ಅಮ್ಮನಿಗೂ ಶಿಕ್ಷಕರಿಗೂ ಕಲಿಸಿಕೊಟ್ಟು ಮಾಡಿದ ವರ್ತನೆಯ ಚಿಕಿತ್ಸೆಯಿಂದಲೇ ಹೆಚ್ಚುಕಡಿಮೆ ಔಷಧಿಯಷ್ಟೇ ಗುಣ ಸಿಕ್ಕಿತು. ಆದ್ದರಿಂದ ‘ಡಾಕ್ಟರ ಹತ್ತಿರ ಹೋದರೆ ಗುಳಿಗೆ ಬರೆದುಬಿಡುತ್ತಾರೆ’ ಎಂದು ಹೆದರಿ ಮನೆಯಲ್ಲೇ ಕೂರಬೇಡಿ.

ಈಗಿನಿಂದಲೇ ಮಾಡಬಹುದಾದದ್ದು ಹೇಳುತ್ತೇನೆ. ಹೊಟ್ಟೆನೋವು ಎಂದಾಗ ಶಾಲೆ ಬಿಡಿಸಬೇಡಿ. ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ, ಬೇರೆ ಕಾರಣವಿಲ್ಲ ಎಂದು ಖಚಿತವಾದ ಮೇಲೆ ‘ನೋವಿದೆ ಅಂತ ಗೊತ್ತು, ಆದರೂ ಹೋಗೋಣ’ ಎಂದು ಕರೆದುಕೊಂಡು ಹೋಗಿ. ಮನೆಯಲ್ಲಿ ಉಳಿದ ಪ್ರತಿ ದಿನವೂ ಭಯಕ್ಕೆ ಬಲ ಬರುತ್ತದೆ. ಗೇಟಿನ ಹತ್ತಿರ ಕದ್ದು ಜಾರಿಕೊಳ್ಳಬೇಡಿ, ಹೇಳಿ ಹೊರಡಿ. ಬರುವ ಹೊತ್ತು ಹೇಳಿ, ಆ ಹೊತ್ತಿಗೇ ಬನ್ನಿ. ಫೋನನ್ನು ಒಮ್ಮೆಗೇ ನಿಲ್ಲಿಸುವುದು ಬೇಡ. ಮೊದಲು ಊಟದ ಬಿಡುವಿನಲ್ಲಿ ಒಂದು ಕರೆ, ಕೆಲವು ದಿನ ಕಳೆದ ಮೇಲೆ ದಿನ ಬಿಟ್ಟು ದಿನ, ಆಮೇಲೆ ಇಲ್ಲ. ರಾತ್ರಿಯೂ ಹಾಗೇ, ಸೆರಗಿನಿಂದ ಪಕ್ಕದ ಹಾಸಿಗೆಗೆ, ಅಲ್ಲಿಂದ ಅಜ್ಜಿಯ ಪಕ್ಕಕ್ಕೆ. ಇಲ್ಲಿ ಎಡಿಎಚ್‌ಡಿಯ ಪಾಲೂ ಇರುವುದರಿಂದ ‘ಒಂದು ವಾರ ಧೈರ್ಯವಾಗಿದ್ದರೆ ಸೈಕಲ್ ಕೊಡಿಸುತ್ತೇನೆ’ ಎಂಬ ಮಾತು ನಡೆಯುವುದಿಲ್ಲ. ಒಂದು ವಾರ ಅವನಿಗೆ ಬಹಳ ದೂರ. ಇವತ್ತಿನ ಧೈರ್ಯಕ್ಕೆ ಇವತ್ತು ಸಂಜೆಯೇ ಏನಾದರೂ ಸಿಗಬೇಕು. ಕ್ಯಾಲೆಂಡರಿನ ಮೇಲೆ ಒಂದು ಸ್ಟಿಕ್ಕರ್, ಅಪ್ಪನ ಜೊತೆ ಹತ್ತು ನಿಮಿಷ ಕೇರಂ, ಅಷ್ಟು ಸಾಕು.

ಒಂದು ವಿಷಯ ಮಾತ್ರ ಗಮನಿಸಿ. ಆಟದಲ್ಲಿ ಗಾಡಿಗೆ ಗಾಡಿ ಗುದ್ದಿಸುವುದನ್ನೇ ಮತ್ತೆ ಮತ್ತೆ ಆಡುತ್ತಾನೆಯೇ, ಬೈಕಿನ ಸದ್ದಿಗೆ ಬೆಚ್ಚುತ್ತಾನೆಯೇ, ಆ ರಸ್ತೆಯಲ್ಲಿ ಹೋಗಲು ಒಪ್ಪುವುದಿಲ್ಲವೇ? ಹಾಗಿದ್ದರೆ ಅದು ಆಘಾತದ ನೆನಪು ಬಿಡದೆ ಕಾಡುವ ತೊಂದರೆ ಇರಬಹುದು. ಅದರ ಚಿಕಿತ್ಸೆಯ ದಾರಿ ಬೇರೆ, ಡಾಕ್ಟರಿಗೆ ಇದನ್ನು ಹೇಳಲೇಬೇಕು. ನಿಮಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಹತ್ತಿರ, ಅಲ್ಲಿ ತೋರಿಸಿ. ಹೋಗುವಾಗ ಅವನ ಈ ವರ್ಷದ ಮತ್ತು ಹಿಂದಿನ ವರ್ಷದ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಹೋಗಿ. ತಾಯತ ಕಟ್ಟಿಸುವುದರಿಂದ ಅಜ್ಜಿಗೆ ಸಮಾಧಾನ ಸಿಗುವುದಾದರೆ ನನ್ನ ಅಡ್ಡಿಯಿಲ್ಲ, ಆದರೆ ಆಸ್ಪತ್ರೆಗೆ ಹೋಗುವುದನ್ನು ಅದಕ್ಕಾಗಿ ಮುಂದೂಡಬೇಡಿ.

*

ನನಗೆ 31 ವರ್ಷ, ಆಡಿಟ್ ಕಚೇರಿಯಲ್ಲಿ ಕೆಲಸ. ಯಾವಾಗಲೂ ತಲೆಯಲ್ಲಿ ಏನೋ ಓಡುತ್ತಿರುತ್ತದೆ. ಗ್ಯಾಸ್ ಆಫ್ ಮಾಡಿದ್ದೇನಾ ಎಂದು ಮೆಟ್ಟಿಲಿಳಿದವಳು ವಾಪಸ್ ಹತ್ತುತ್ತೇನೆ. ಒಂದು ಮೇಲ್ ಕಳಿಸುವ ಮೊದಲು ಐದಾರು ಸಲ ಓದುತ್ತೇನೆ. ಮೀಟಿಂಗಿಗೆ ಒಂದು ಗಂಟೆ ಮೊದಲೇ ಹೋಗಿ ಕೂರುತ್ತೇನೆ, ಇಲ್ಲದಿದ್ದರೆ ತಡವಾಗಿಯೇ ತಡವಾಗುತ್ತದೆ. ಆತಂಕ ಎಂದು ಡಾಕ್ಟರು ಮಾತ್ರೆ ಕೊಟ್ಟರು. ಎದೆ ಡವಡವ, ರಾತ್ರಿಯ ಯೋಚನೆ ಕಮ್ಮಿಯಾದವು. ವಿಚಿತ್ರ ಅಂದರೆ ಆಮೇಲೆ ಕೆಲಸ ಇನ್ನೂ ಹಿಂದೆ ಬಿತ್ತು, ಮೊದಲು ಹೆದರಿಕೊಂಡಾದರೂ ಮುಗಿಸುತ್ತಿದ್ದೆ. ಶಾಲೆಯಲ್ಲಿ ನಾನು ಗಲಾಟೆ ಮಾಡಿದವಳೇ ಅಲ್ಲ, ಅಮ್ಮ ಪಕ್ಕದಲ್ಲಿ ಕೂತರೆ ಚೆನ್ನಾಗಿ ಓದುತ್ತಿದ್ದೆ. ಮೊಬೈಲಿನಲ್ಲಿ ಎಡಿಎಚ್‌ಡಿ ವಿಡಿಯೊ ನೋಡಿ ‘ಇದು ನಾನೇ’ ಅನಿಸಿತು. ನನ್ನ ಗಂಡ ‘ಎಲ್ಲರಿಗೂ ಹಾಗೇ ಇರುತ್ತೆ’ ಅನ್ನುತ್ತಾರೆ.
— ಹೆಸರು ಬೇಡ, ಬೆಂಗಳೂರು

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಡಿಯೊ ವಿಷಯವಲ್ಲ. ಮಾತ್ರೆಯಿಂದ ಆತಂಕ ಇಳಿಯಿತು, ಕೆಲಸ ಮಾತ್ರ ಇನ್ನಷ್ಟು ಹಿಂದೆ ಬಿತ್ತು ಎಂದಿರಲ್ಲ, ಆ ಮಾತು. ಬರೀ ಆತಂಕದಿಂದ ಗಮನ ಕೆಟ್ಟಿದ್ದರೆ ಆತಂಕ ಇಳಿದಾಗ ಗಮನ ಮರಳಬೇಕಿತ್ತು. ನಿಮ್ಮಲ್ಲಿ ಬಹುಶಃ ಭಯವೇ ಬಾರುಕೋಲಾಗಿತ್ತು. ‘ಮರೆತರೆ ಮಾನ ಹೋಗುತ್ತದೆ’ ಎಂದು ಬೀಸಿಕೊಂಡು ಇಷ್ಟು ವರ್ಷ ಗಾಡಿ ಎಳೆದಿದ್ದೀರಿ. ಮಾತ್ರೆ ಬಾರುಕೋಲನ್ನು ಕಿತ್ತುಕೊಂಡಿತು, ಗಾಡಿಯ ಭಾರ ಹಾಗೇ ಉಳಿಯಿತು.

ಗಂಭೀರವಾಗಿ ಓದುವ, ಕಿಟಕಿಯಾಚೆ ನೋಡುತ್ತ ಕನಸು ಕಾಣುವ ಹೆಣ್ಣುಮಕ್ಕಳ ಎಡಿಎಚ್‌ಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ತೊಂದರೆಯಲ್ಲಿ ಗಮನ ಮಾತ್ರ ಕೈಕೊಡುವ ಒಂದು ಬಗೆಯಿದೆ, ಅಲ್ಲಿ ಓಟ-ಗಲಾಟೆ ಏನೂ ಇರುವುದಿಲ್ಲ. ಬೆಂಚು ಹತ್ತುವ ಹುಡುಗನನ್ನು ಶಾಲೆಯವರು ಮೂರನೇ ಕ್ಲಾಸಿನಲ್ಲೇ ಡಾಕ್ಟರ ಹತ್ತಿರ ಕಳಿಸುತ್ತಾರೆ. ಸುಮ್ಮನೆ ಕೂತು ಒಂದಕ್ಷರವನ್ನೂ ಕೇಳಿಸಿಕೊಳ್ಳದ ಹುಡುಗಿಗೆ ‘ಒಳ್ಳೆಯ ಮಗು, ಸ್ವಲ್ಪ ಮರೆವು’ ಎಂಬ ಷರಾ ಬರೆದು ಕೈತೊಳೆದುಕೊಳ್ಳುತ್ತಾರೆ. ಆ ಹುಡುಗಿಯರೇ ಮೂವತ್ತರ ಹೊತ್ತಿಗೆ ನಮ್ಮಲ್ಲಿಗೆ ಆತಂಕ ಎಂದು ಬರುತ್ತಾರೆ. ನಿಮ್ಮ ಅಮ್ಮ ಪಕ್ಕದಲ್ಲಿ ಕೂತಿದ್ದು ಸಣ್ಣ ವಿಷಯವಲ್ಲ. ನಿಮ್ಮ ಗಮನದ ಅರ್ಧ ಭಾರವನ್ನು ಅವರೇ ಹೊತ್ತಿದ್ದರು ಅನಿಸುತ್ತದೆ. ಮದುವೆ, ಕಚೇರಿ, ಸ್ವಂತ ಮನೆಯ ಜವಾಬ್ದಾರಿ ಬಂದ ಮೇಲೆ ತೊಂದರೆ ಮೇಲಕ್ಕೆದ್ದಿದೆ.

ಆದರೂ ಕಾಗದ ನೋಡಿ ಹೆಸರಿಡಲು ನಾನು ತಯಾರಿಲ್ಲ. ನಿಮ್ಮ ಡಾಕ್ಟರ ಮುಂದೆ ಇಡಬೇಕಾದ ಕೆಲವು ಎಳೆಗಳನ್ನು ಮಾತ್ರ ಬಿಡಿಸಿ ಕೊಡುತ್ತೇನೆ.

ಮೊದಲು ನಿಮ್ಮ ಯೋಚನೆಗಳ ವಿಷಯ ಏನೆಂದು ನೋಡಿಕೊಳ್ಳಿ. ಜಿಎಸ್‌ಟಿ ರಿಟರ್ನ್ ಕೊನೆಯ ದಿನ, ಕಳಿಸದ ಮೇಲ್, ಮರೆತ ಕರೆ, ಹೀಗೆ ನಿಜವಾಗಿ ಜಾರಿದ ಮತ್ತು ಜಾರಬಹುದಾದ ಕೆಲಸಗಳ ಸುತ್ತವೇ ಸುತ್ತುತ್ತಿದ್ದರೆ ಆ ಆತಂಕ ಎಡಿಎಚ್‌ಡಿಯ ಬೆನ್ನಿಗೆ ಬಂದದ್ದು. ಅದರ ಬದಲು ಅಪ್ಪನ ಬಿಪಿ, ಗಂಡನ ಪ್ರಯಾಣ, ಕಚೇರಿಯಲ್ಲಿ ಯಾರೋ ನಗಲಿಲ್ಲ, ನಾಳೆ ಮಳೆ ಬಂದರೆ, ಎಂದು ಒಂದು ಮುಗಿದರೆ ಇನ್ನೊಂದು ಹಿಡಿದುಕೊಂಡು ಆರು ತಿಂಗಳಿಗೂ ಹೆಚ್ಚು ಕಾಲ ಹೆಚ್ಚಿನ ದಿನ ಹೀಗೇ ಇದ್ದರೆ ಅದನ್ನು ಸರ್ವವ್ಯಾಪಿ ಆತಂಕ ಎಂದು ಬೇರೆಯಾಗಿಯೇ ಗುರುತಿಸಬೇಕು. ಗೊಂದಲಕ್ಕೆ ಕಾರಣವೂ ಇಲ್ಲೇ ಇದೆ. ಸರ್ವವ್ಯಾಪಿ ಆತಂಕದ ಆರು ಲಕ್ಷಣಗಳಲ್ಲಿ ಚಡಪಡಿಕೆ ಒಂದು, ಗಮನ ನಿಲ್ಲದಿರುವುದು ಇನ್ನೊಂದು. ಉಳಿದವು ಸುಸ್ತು, ಸಿಡುಕು, ಸ್ನಾಯುಗಳ ಬಿಗಿತ, ನಿದ್ದೆಗೇಡು. ಭುಜ-ಕತ್ತು ಕಲ್ಲಿನಂತೆ ಬಿಗಿಯುವುದು ಎಡಿಎಚ್‌ಡಿಯ ಪಟ್ಟಿಯಲ್ಲಿಲ್ಲ. ಅದು ನಿಮಗಿದೆಯೇ ಎಂದು ಹೇಳಿ.

ಆಮೇಲೆ ಗ್ಯಾಸ್ ವಿಷಯ. ಹಿಂದೆ ಒಂದೆರಡು ಸಲ ನಿಜವಾಗಿಯೂ ಹಾಲು ಉಕ್ಕಿಸಿ, ಪಾತ್ರೆ ಸೀಯಿಸಿ, ಅದಕ್ಕೇ ಈಗ ಹೋಗಿ ನೋಡುತ್ತೀರಾ? ನೋಡಿದ ಮೇಲೆ ನೆಮ್ಮದಿಯಾಗುತ್ತದಾ? ಹಾಗಿದ್ದರೆ ಅದು ಮರೆವಿಗೆ ನೀವೇ ಕಂಡುಕೊಂಡ ಉಪಾಯ. ಕಣ್ಣಾರೆ ನೋಡಿಯೂ, ಕೈಯಾರೆ ತಿರುಗಿಸಿಯೂ ಅನುಮಾನ ಹೋಗದೆ, ಇಂತಿಷ್ಟು ಸಲ ಮುಟ್ಟಿದರೇ ಸರಿ ಎನಿಸಿ, ಮುಟ್ಟದಿದ್ದರೆ ಮನೆ ಸುಟ್ಟುಹೋದ ಚಿತ್ರವೇ ಕಣ್ಣ ಮುಂದೆ ಬಂದು ನಿಂತರೆ ಅದು ಗೀಳು ಕಾಯಿಲೆಯ ದಿಕ್ಕು. ಅದಕ್ಕೆ ಬೇರೆ ಚಿಕಿತ್ಸೆ.

ನಿಮ್ಮ ಗಂಡನಿಗೆ ಈ ಲೆಕ್ಕ ತೋರಿಸಿ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ವರದಿ 2006ರಲ್ಲಿ ಬಂತು. ಅದರಲ್ಲಿ 18ರಿಂದ 44 ವರ್ಷದವರ ಪೈಕಿ ಶೇಕಡಾ 4.4ರಷ್ಟು ಮಂದಿಗೆ ಎಡಿಎಚ್‌ಡಿ ಇತ್ತು, ಅಂಥವರಲ್ಲಿ ಶೇಕಡಾ 47ರಷ್ಟು ಮಂದಿಗೆ ಅದೇ ವರ್ಷದಲ್ಲಿ ಯಾವುದಾದರೊಂದು ಆತಂಕದ ಕಾಯಿಲೆಯೂ ಇತ್ತು. ಮರೆವು ಎಲ್ಲರಿಗೂ ಇರುತ್ತದೆ ನಿಜ. ಒಂದು ಮೀಟಿಂಗಿಗಾಗಿ ದಿನದ ಒಂದು ಗಂಟೆಯನ್ನು ಬಲಿಕೊಡುವ ಸ್ಥಿತಿ ಎಲ್ಲರಿಗೂ ಇರುವುದಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಪ್ರಾಥಮಿಕ ಶಾಲೆಯ ಪ್ರಗತಿ ಪತ್ರ ಸಿಕ್ಕರೆ ಹುಡುಕಿ ತನ್ನಿ. ಅಂಕ ಮುಖ್ಯವಲ್ಲ, ಟೀಚರು ಬರೆದ ಷರಾ ಬೇಕು. ಸಾಧ್ಯವಾದರೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ, ಇವೆರಡೂ ಹೆಚ್ಚುಕಡಿಮೆಯಾದರೆ ಎದೆಬಡಿತ, ಸುಸ್ತು, ಗಮನ ಎಲ್ಲವೂ ಕೆಡುತ್ತವೆ. ಈಗಿನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಎಡಿಎಚ್‌ಡಿಗೆ ಹೊಸ ಔಷಧಿ ಬರೆಯುವವರಿಗೆ ಈ ಮಾತ್ರೆಯ ಹೆಸರು ತಪ್ಪದೆ ಹೇಳಿ. ಆತಂಕ-ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್‌ನಂಥ ಮಾತ್ರೆಗಳು ಎಡಿಎಚ್‌ಡಿಗೆ ಕೊಡುವ ಅಟೊಮಾಕ್ಸೆಟಿನ್ ಎಂಬ ಔಷಧಿ ರಕ್ತದಲ್ಲಿ ಏರುವಂತೆ ಮಾಡುತ್ತವೆ, ಪ್ರಮಾಣ ನೋಡಿ ಕೊಡಬೇಕಾಗುತ್ತದೆ. ಮಗುವಿನ ಯೋಚನೆ ಇದ್ದರೆ ಅದನ್ನೂ ಮೊದಲೇ ಹೇಳಿ.

ಈ ನಡುವೆ ನೆನಪಿನ ಕೆಲಸವನ್ನು ತಲೆಯಿಂದ ಇಳಿಸಿ ಒಂದು ಪುಸ್ತಕಕ್ಕೆ ಹಾಕಿ. ಒಂದೇ ಪುಸ್ತಕ. ಮೊಬೈಲಿನಲ್ಲಿ ಅರ್ಧ, ಚೀಟಿಯಲ್ಲಿ ಅರ್ಧ ಆದರೆ ‘ಎಲ್ಲಿ ಬರೆದಿದ್ದೆ’ ಎಂಬುದೇ ಹೊಸ ಆತಂಕವಾಗುತ್ತದೆ. ಬೇಸರದ ಫೈಲುಗಳನ್ನು ಸಹೋದ್ಯೋಗಿಯೊಬ್ಬರ ಪಕ್ಕದ ಮೇಜಿನಲ್ಲಿ ಕೂತು ಮುಗಿಸಿ. ಅಮ್ಮ ಪಕ್ಕದಲ್ಲಿದ್ದಾಗ ಓದಾಗುತ್ತಿದ್ದ ಗುಟ್ಟು ಇದೇ, ಮೂವತ್ತೊಂದರಲ್ಲೂ ಅದು ಕೆಲಸ ಮಾಡುತ್ತದೆ. ಮಧ್ಯಾಹ್ನದ ನಂತರ ಕಾಫಿ ಬೇಡ. ಮೇಲ್ ಎರಡು ಸಲ ಓದಿ ಕಳಿಸಿ. ಮೂರನೇ ಸಲಕ್ಕೆ ಕೈ ಹೋದಾಗ ಕಳಿಸುವ ಗುಂಡಿ ಒತ್ತಿಬಿಡಿ, ಆಮೇಲಿನ ಕಳವಳವನ್ನು ಇಳಿಯುವತನಕ ಹಾಗೇ ಇರಲು ಬಿಡಿ.

*

ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಗಮನವೇ ಇಲ್ಲದ ಇಬ್ಬರು ಮಕ್ಕಳಿದ್ದಾರೆ, ಇಬ್ಬರೂ ಪರೀಕ್ಷೆ ಮುಗಿಸುವುದಿಲ್ಲ. ಯಾರಿಗೆ ಏನು ತೊಂದರೆ ಎಂದು ನಮ್ಮಂಥವರಿಗೆ ತಿಳಿಯುವ ದಾರಿ ಇದೆಯೇ?
— ಚಿತ್ರದುರ್ಗ ಜಿಲ್ಲೆ

ಇದೆ ಮೇಡಂ, ನಿಮ್ಮ ಕೈಯಲ್ಲೇ ಇರುವ ಉತ್ತರ ಪತ್ರಿಕೆಗಳಲ್ಲಿ. ಹೆದರುವ ಮಗುವಿನ ಹಾಳೆಯಲ್ಲಿ ರಬ್ಬರ್ ಉಜ್ಜಿ ಉಜ್ಜಿ ತೂತು ಬಿದ್ದಿರುತ್ತದೆ, ಮೊದಲ ಮೂರು ಉತ್ತರ ಮುತ್ತಿನಂಥ ಅಕ್ಷರದಲ್ಲಿರುತ್ತವೆ, ಅಷ್ಟಕ್ಕೇ ಸಮಯ ಮುಗಿದಿರುತ್ತದೆ. ಎಡಿಎಚ್‌ಡಿ ಮಗುವಿನ ಹಾಳೆಯಲ್ಲಿ ಕೂಡುವ ಕಡೆ ಕಳೆದಿರುತ್ತದೆ, ಗೊತ್ತಿರುವ ಪ್ರಶ್ನೆಯೇ ಬಿಟ್ಟುಹೋಗಿರುತ್ತದೆ, ಒಂದು ಉತ್ತರ ಅರ್ಧಕ್ಕೆ ನಿಂತು ಪಕ್ಕದಲ್ಲಿ ಲಾರಿಯ ಚಿತ್ರ ಮೂಡಿರುತ್ತದೆ. ಮೊದಲನೆಯವಳು ‘ಇದು ಸರಿನಾ ಮಿಸ್’ ಎಂದು ಹತ್ತು ಸಲ ಕೇಳುತ್ತಾಳೆ, ಎರಡನೆಯವನು ಪ್ರಶ್ನೆ ಪೂರ್ತಿ ಓದುವ ಮೊದಲೇ ಬರೆಯಲು ಶುರು ಮಾಡುತ್ತಾನೆ. ಎರಡೂ ಒಂದೇ ಹಾಳೆಯಲ್ಲಿದ್ದರೆ ಎರಡೂ ತೊಂದರೆ ಇರಬಹುದು. ಅಕ್ಷರವೇ ಕೂಡಿಬರದ ಕಲಿಕಾ ನ್ಯೂನತೆಯೂ ಗಮನದ ಕೊರತೆಯ ಹಾಗೇ ಕಾಣುತ್ತದೆ. ಕಣ್ಣು, ಕಿವಿ ಪರೀಕ್ಷೆ ಮೊದಲು ಆಗಲಿ. ಪೋಷಕರಿಗೆ ಹೇಳುವಾಗ ಕಾಯಿಲೆಯ ಹೆಸರು ಹೇಳಬೇಡಿ, ನೀವು ಕಂಡದ್ದನ್ನು ಬರೆದು ಕೊಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಆ ಚೀಟಿಯೊಂದಿಗೆ ಕಳಿಸಿ.

*

ಮೇಡಂ, ನಾನು ಡಿಗ್ರಿ ಎರಡನೇ ವರ್ಷದ ವಿದ್ಯಾರ್ಥಿ. ಏಳನೇ ಕ್ಲಾಸಿನಲ್ಲಿ ಎಡಿಎಚ್‌ಡಿ ಎಂದು ಹೇಳಿದ್ದರು. ಚಿಕ್ಕವನಿದ್ದಾಗ ಬಾಯಿಗೆ ಬಂದದ್ದು ಹೇಳಿಬಿಡುತ್ತಿದ್ದೆ, ಬೇರೆಯವರು ಮಾತಾಡುವಾಗ ಮಧ್ಯೆ ಬಾಯಿ ಹಾಕುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಈಗ ಬಾಯಿಯೇ ಬರುವುದಿಲ್ಲ. ಸೆಮಿನಾರ್ ಇದ್ದ ದಿನ ಕಾಲೇಜಿಗೆ ಹೋಗುವುದಿಲ್ಲ. ಕ್ಯಾಂಟೀನಿಗೂ ಹೋಗುವುದಿಲ್ಲ. ಮನೆಯಲ್ಲಿ ‘ಈಗ ಗಂಭೀರ ಆಗಿದ್ದಾನೆ, ಎಡಿಎಚ್‌ಡಿ ಹೋಯಿತು’ ಎಂದು ಖುಷಿಯಲ್ಲಿದ್ದಾರೆ.
— ಪುತ್ತೂರು

ತಮ್ಮ, ಮನೆಯವರ ಖುಷಿ ನಿನ್ನ ಕಷ್ಟವನ್ನು ಮುಚ್ಚುತ್ತಿದೆ. ನೀನು ಬರೆದದ್ದನ್ನು ಓದಿ ನನಗೆ ಸಂಕಟವಾಯಿತು. ನಿನ್ನ ಚುರುಕು ಎಲ್ಲೂ ಹೋಗಿಲ್ಲ, ಅದರ ಮೇಲೆ ಭಯ ಕಾವಲು ಕೂತಿದೆ. ಆತಂಕ ಜೊತೆಗೂಡಿದಾಗ ಎಡಿಎಚ್‌ಡಿಯ ದುಡುಕು ಎಷ್ಟೋ ಜನರಲ್ಲಿ ಕಡಿಮೆಯಾದ ಹಾಗೆ ಕಾಣುತ್ತದೆ. ಗಮನದ ತೊಂದರೆ ಮಾತ್ರ ಹೆಚ್ಚುತ್ತದೆ. ತಲೆಯಲ್ಲಿ ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳಬಹುದಾದ ವಿಷಯಗಳು ಮೊದಲೇ ಕಡಿಮೆ, ಅದರಲ್ಲಿ ಅರ್ಧ ಜಾಗವನ್ನು ‘ನನ್ನನ್ನು ನೋಡಿ ನಗುತ್ತಿದ್ದಾರಾ’ ಎಂಬುದು ತಿನ್ನುತ್ತದೆ.

ನಿನ್ನದು ಸಾಮಾಜಿಕ ಆತಂಕ ಎಂದು ನನಗನಿಸುತ್ತದೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಎಡಿಎಚ್‌ಡಿ ಇರುವ ದೊಡ್ಡವರಲ್ಲಿ ಅತಿ ಹೆಚ್ಚು ಕಂಡ ಆತಂಕ ಇದೇ, ಶೇಕಡಾ 29ರಷ್ಟು ಮಂದಿಯಲ್ಲಿ. ಸರ್ವವ್ಯಾಪಿ ಆತಂಕ ಇದ್ದದ್ದು ಶೇಕಡಾ 8ರಷ್ಟರಲ್ಲಿ. ನನಗೆ ಇದು ಆಶ್ಚರ್ಯವಲ್ಲ. ಸಾವಿರ ಸಲ ‘ಸುಮ್ಮನಿರು’ ಎಂದು ಕೇಳಿ ಬೆಳೆದವರು ಕೊನೆಗೆ ಸುಮ್ಮನಾಗಿಬಿಡುತ್ತಾರೆ. ಬೇರೆ ಸಾಮಾಜಿಕ ಆತಂಕದವರಿಗೆ ನಾವು ‘ನೀನಂದುಕೊಂಡಷ್ಟು ಯಾರೂ ನಿನ್ನನ್ನು ಗಮನಿಸುವುದಿಲ್ಲ’ ಎಂದು ಹೇಳುತ್ತೇವೆ. ನಿನಗೆ ಅಷ್ಟೇ ಹೇಳಿದರೆ ಸುಳ್ಳಾಗುತ್ತದೆ, ಯಾಕೆಂದರೆ ನಿನ್ನನ್ನು ನೋಡಿ ನಿಜವಾಗಿಯೂ ನಕ್ಕಿದ್ದಾರೆ. ಆದ್ದರಿಂದ ನಿನಗೆ ಎರಡೂ ಬೇಕು, ಭಯ ಇಳಿಸುವುದೂ ಬೇಕು, ಮಾತಿನ ಲಯ ಕಲಿಯುವುದೂ ಬೇಕು.

ಸೆಮಿನಾರಿನಿಂದ ಶುರು ಮಾಡಬೇಡ. ಮೊದಲು ಕ್ಯಾಂಟೀನಿನಲ್ಲಿ ಒಬ್ಬ ಗೆಳೆಯನ ಜೊತೆ ಒಂದು ಚಹಾ. ಅದು ಸಲೀಸಾಗುವವರೆಗೆ ಅದೇ. ಆಮೇಲೆ ಮೂವರ ಗುಂಪು. ಆಮೇಲೆ ತರಗತಿಯಲ್ಲಿ ಮೊದಲೇ ಬರೆದಿಟ್ಟುಕೊಂಡ ಒಂದು ಪ್ರಶ್ನೆ ಕೇಳುವುದು. ಮಾತಾಡಬೇಕು ಎನಿಸಿದಾಗ ಕೈಯಲ್ಲಿರುವ ಪೆನ್ನಿನಿಂದ ಆ ವಿಷಯದ ಒಂದು ಪದ ಬರೆದುಕೋ, ಎದುರಿನವರು ನಿಲ್ಲಿಸಿದಾಗ ಹೇಳು. ಮರೆತುಹೋಗುತ್ತದೆ ಎಂಬ ಅವಸರಕ್ಕೇ ನೀನು ಮಧ್ಯೆ ಬಾಯಿ ಹಾಕುತ್ತಿದ್ದೆ, ಕೆಡುಕಿನಿಂದಲ್ಲ. ಒಬ್ಬ ಉಪನ್ಯಾಸಕರನ್ನು ನಂಬಿ ವಿಷಯ ಹೇಳು, ಸೆಮಿನಾರನ್ನು ಮೊದಲ ಸಲ ಅವರ ಕೋಣೆಯಲ್ಲಿ ನಾಲ್ವರ ಮುಂದೆ ಮಾಡಲು ಕೇಳು. ಹಳೆಯ ಡಾಕ್ಟರ ಹತ್ತಿರ ಮತ್ತೆ ಹೋಗು. ಯಾರೊಡನೆಯಾದರೂ ಈಗಲೇ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಫೋನಿನಲ್ಲಿ ಮಾತಾಡಲು ಗಂಟಲು ಕಟ್ಟಿದರೆ ‘ನನಗೆ ಮಾತಾಡಲು ಭಯ’ ಎಂಬಷ್ಟು ಹೇಳು, ಉಳಿದದ್ದನ್ನು ಅವರು ಕೇಳುತ್ತಾರೆ.

*

ನನ್ನ ಮಗಳಿಗೆ ಹನ್ನೊಂದು ವರ್ಷ. ಎಡಿಎಚ್‌ಡಿಗೆ ಮಿಥೈಲ್‌ಫೆನಿಡೇಟ್ ಶುರುವಾಗಿದೆ, ಶಾಲೆಯಲ್ಲಿ ಸುಧಾರಿಸಿದ್ದಾಳೆ. ಈಚೆಗೆ ಡೋಸ್ ಹೆಚ್ಚಿಸಿದರು. ಈಗ ಆಗಾಗ ಎದೆ ಹೊಡೆದುಕೊಳ್ಳುತ್ತೆ, ಭಯ ಆಗುತ್ತೆ ಅನ್ನುತ್ತಾಳೆ. ಸಂಜೆ ಸುಮ್ಮನೆ ಅಳುತ್ತಾಳೆ. ಈ ಗುಳಿಗೆ ಆತಂಕ ತರುತ್ತದೆ, ನಿಲ್ಲಿಸಿ ಎಂದು ಸಂಬಂಧಿಕರು ಹೇಳುತ್ತಿದ್ದಾರೆ. ಹೆದರಿ ಎರಡು ದಿನದಿಂದ ಕೊಟ್ಟಿಲ್ಲ.
— ಒಬ್ಬ ತಂದೆ, ಕಲಬುರಗಿ

ಎರಡು ದಿನ ಕೊಡದಿದ್ದಕ್ಕೆ ಗಾಬರಿಯಾಗಬೇಡಿ ಸರ್, ಈ ಔಷಧಿ ಮೈಯಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಆದರೆ ಮುಂದೇನು ಎಂಬುದನ್ನು ಸಂಬಂಧಿಕರ ಜೊತೆ ತೀರ್ಮಾನಿಸಬೇಡಿ, ನಾಳೆಯೇ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಎದೆನೋವು ಬಂದಿದ್ದರೆ, ತಲೆಸುತ್ತಿ ಬಿದ್ದಿದ್ದರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆಯಿಂದ ಹಠಾತ್ತನೆ ತೀರಿಕೊಂಡವರಿದ್ದರೆ ಫೋನಿನ ಮಾತು ಸಾಲದು, ತಕ್ಷಣ ತೋರಿಸಿ.

ಈ ಗುಳಿಗೆ ಎಲ್ಲರಲ್ಲೂ ಆತಂಕ ಹೆಚ್ಚಿಸುತ್ತದೆ ಎಂಬ ನಂಬಿಕೆ ಹಳೆಯದು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2015ರಲ್ಲಿ ಪ್ರಕಟವಾಯಿತು. ಈ ವರ್ಗದ ಔಷಧಿ ತೆಗೆದುಕೊಂಡ ಮಕ್ಕಳಲ್ಲಿ ಆತಂಕದ ದೂರು, ಔಷಧಿಯಿಲ್ಲದ ಹುಸಿ ಗುಳಿಗೆ ತೆಗೆದುಕೊಂಡವರಿಗಿಂತ ಒಟ್ಟಾರೆ ಕಡಿಮೆಯೇ ಇತ್ತು. ಕಾರಣ ಊಹಿಸುವುದು ಕಷ್ಟವಲ್ಲ, ದಿನಾ ಬೈಸಿಕೊಳ್ಳುವುದು ತಪ್ಪಿದರೆ ಮಗುವಿನ ಅಂಜಿಕೆಯೂ ಇಳಿಯುತ್ತದೆ. ಆದರೆ ಅದು ಗುಂಪಿನ ಲೆಕ್ಕ. ನಿಮ್ಮ ಮಗಳಲ್ಲಿ ಏನಾಗುತ್ತಿದೆ ಎಂಬುದನ್ನು ಗಡಿಯಾರ ನೋಡಿಯೇ ತಿಳಿಯಬೇಕು. ಅವಳ ಮಾತನ್ನು ನಾನು ನಂಬುತ್ತೇನೆ, ಈ ಔಷಧಿ ಎದೆಬಡಿತವನ್ನು ಸ್ವಲ್ಪ ಹೆಚ್ಚಿಸುವುದು ನಿಜ.

ಗುಳಿಗೆ ತೆಗೆದುಕೊಂಡ ಒಂದೆರಡು ಗಂಟೆಯೊಳಗೆ ಎದೆ ಹೊಡೆದುಕೊಂಡರೆ ಡೋಸ್ ಅವಳಿಗೆ ಜಾಸ್ತಿಯಾಗಿರಬಹುದು, ಇಳಿಸಿದರೆ ಸರಿಹೋಗುತ್ತದೆ. ಸಂಜೆ ಔಷಧಿಯ ಪ್ರಭಾವ ಇಳಿಯುವ ಹೊತ್ತಿಗೆ ಅಳು, ಸಿಡುಕು ಬರುವುದು ಇನ್ನೊಂದು ಬಗೆ. ಅದಕ್ಕೆ ಕೊಡುವ ಹೊತ್ತು ಅಥವಾ ಗುಳಿಗೆಯ ವಿಧ ಬದಲಿಸುತ್ತಾರೆ. ಈ ಔಷಧಿಯಿಂದ ಹಸಿವು ಕಡಿಮೆಯಾಗಿ ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತಿದ್ದರೆ ಖಾಲಿ ಹೊಟ್ಟೆಯೂ ಸಂಜೆಯ ಅಳುವಿಗೆ ಕಾರಣವಾಗುತ್ತದೆ. ಬೆಳಿಗ್ಗೆ ಗುಳಿಗೆಗೆ ಮೊದಲೇ ಹೊಟ್ಟೆ ತುಂಬ ತಿನ್ನಿಸಿ.

ಇನ್ನು ಮೂರನೆಯ ಸಾಧ್ಯತೆ. ಗುಳಿಗೆಗೂ ಹೊತ್ತಿಗೂ ಸಂಬಂಧವೇ ಇಲ್ಲದೆ, ಭಾನುವಾರ ರಾತ್ರಿಯೂ, ಈ ಎರಡು ಗುಳಿಗೆಯಿಲ್ಲದ ದಿನಗಳಲ್ಲಿಯೂ ಹಠಾತ್ತನೆ ಎದೆ ಬಡಿದು, ಕೈ ನಡುಗಿ, ಉಸಿರು ಕಟ್ಟಿ, ‘ಸತ್ತುಹೋಗುತ್ತೇನೆ’ ಎನ್ನುವಷ್ಟು ದಿಗಿಲು ಕೆಲವೇ ನಿಮಿಷದಲ್ಲಿ ತುದಿಗೇರಿ ಇಳಿಯುತ್ತದೆಯೇ? ಹಾಗಿದ್ದರೆ ಅದು ಪ್ಯಾನಿಕ್ ಅಟ್ಯಾಕ್ ಇರಬಹುದು, ಗುಳಿಗೆ ನಿಲ್ಲಿಸಿದರೂ ಅದು ಹೋಗುವುದಿಲ್ಲ. ಆಗ ಆತಂಕಕ್ಕೆ ಬೇರೆಯಾಗಿ ಆಪ್ತಸಮಾಲೋಚನೆ ಬೇಕಾಗುತ್ತದೆ. ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಬಗೆಯ ಔಷಧಿಯ ಬಗ್ಗೆಯೂ ಕೇಳಿ, ಆತಂಕ ಜೊತೆಗಿರುವ ಮಕ್ಕಳಲ್ಲಿ ಅದು ಎರಡಕ್ಕೂ ನೆರವಾಗಬಹುದು. ಆದರೆ ಗುಣ ಕಾಣಲು ಕೆಲವು ವಾರ ಬೇಕು, ಇವತ್ತು ಕೊಟ್ಟು ನಾಳೆ ಕೇಳುವಂಥದ್ದಲ್ಲ.

ಡಾಕ್ಟರು ಮತ್ತೆ ಶುರು ಮಾಡಿ ಎಂದ ದಿನದಿಂದ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಗೀಚಿಕೊಳ್ಳಿ: ಗುಳಿಗೆ ಕೊಟ್ಟ ಹೊತ್ತು, ಊಟ ಮಾಡಿದ ಹೊತ್ತು, ಭಯ ಬಂದ ಹೊತ್ತು, ಮಲಗಿದ ಹೊತ್ತು. ಭಯ ಬಂದಾಗ ನಿಮ್ಮ ಬೆರಳಿಟ್ಟು ಅವಳ ನಾಡಿಯನ್ನು ಒಂದು ನಿಮಿಷ ಎಣಿಸಿ ಪಕ್ಕದಲ್ಲಿ ಬರೆಯಿರಿ. ಎಣಿಸುವಾಗ ನಿಮ್ಮ ಮುಖದಲ್ಲಿ ಗಾಬರಿ ಕಾಣದಿರಲಿ, ಅವಳು ನಿಮ್ಮನ್ನೇ ನೋಡುತ್ತಿರುತ್ತಾಳೆ. ಎರಡು ವಾರದ ಹಾಳೆ ತುಂಬಿದ ಮೇಲೆ ಅದನ್ನು ಡಾಕ್ಟರ ಮೇಜಿನ ಮೇಲಿಡಿ. ಭಯ ಹೇಗಿರುತ್ತದೆ ಎಂಬುದನ್ನು ಮಾತ್ರ ಮಗಳೇ ಹೇಳಲಿ, ಅಷ್ಟು ಹೊತ್ತು ನೀವು ಮಧ್ಯೆ ಮಾತಾಡಬೇಡಿ.